ಸಹಾಯ ಬೇಕು: ಡೆಡ್‌ಲಿಫ್ಟ್ ಏರಿದೆ, ಗಾಲ್ಫ್ ಡ್ರೈವರ್ ವೇಗ ಏರ್ತಾ ಇಲ್ಲ

ಮಂಗಳೂರಿನ ಪಿಲಿಕುಳದಲ್ಲಿ ಗಾಲ್ಫ್ ಆಡುವ, 45 ದಾಟಿದ ಬಲಗೈ ಆಟಗಾರರೊಬ್ಬರ ತರಬೇತಿ ವಿಷಯ. ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್ (ಚೌಕಟ್ಟಿನಂಥ ಬಾರ್‌ನ ನಡುವೆ ನಿಂತು ಭಾರವನ್ನು ನೆಲದಿಂದ ಎತ್ತುವುದು) 80 ಕೆಜಿಯಿಂದ 110ಕ್ಕೆ ಬಂದಿದೆ. ಡ್ರೈವರ್ (ದೂರ ಹೊಡೆಯುವ ಉದ್ದದ ಗಾಲ್ಫ್ ಕ್ಲಬ್) ಬೀಸುವ ವೇಗ ಮಾತ್ರ ಗಂಟೆಗೆ 92 ಮೈಲಿಯಲ್ಲೇ ಉಂಟು.

ವಾರಕ್ಕೆರಡು ದಿನ ಮೊದಲು 4 ಕೆಜಿ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು, ಪ್ರತಿ ಬದಿಗೆ 5ರಂತೆ 3 ಸೆಟ್, ನಡುವೆ 90 ಸೆಕೆಂಡ್ ಬಿಡುವು. ಆಮೇಲೆ ಡೆಡ್‌ಲಿಫ್ಟ್. ಭಾರ ಎತ್ತಿ ಸುಸ್ತಾದ ಮೇಲೆ ಎಸೆದರೆ ವೇಗ ಬಿದ್ದುಹೋಗ್ತದೆ, ಅದಕ್ಕೇ ಈ ಕ್ರಮ. (ನಮ್ಮೂರಿನ ಸೆಕೆಗೆ ಬಾಲ್ ಕೈಯಿಂದ ಜಾರ್ತದೆ, ಪ್ರತಿ ಸೆಟ್‌ಗೂ ಒರೆಸಲೇಬೇಕು.)

ಗೊಂದಲ ಇರುವುದು ಎಡ ಸೊಂಟದಲ್ಲಿ. ಅದು ಒಳಕ್ಕೆ ತಿರುಗುವುದು 20 ಡಿಗ್ರಿ ಮಾತ್ರ, ಬಲದ್ದು 35. ಹಾಗಾಗಿ ಡೌನ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ಬನ್ನು ಚೆಂಡಿನತ್ತ ಕೆಳಕ್ಕೆ ಬೀಸುವಾಗ, ಸೊಂಟ ತಿರುಗುವ ಬದಲು ಗುರಿಯ ಕಡೆಗೆ ಸರಿಯುತ್ತದೆ, ತಿರುಗಬೇಕಾದ ಉಳಿದ ಭಾಗ ಕೆಳಬೆನ್ನಿನ ಮೇಲೆ ಬೀಳ್ತದೆ. 90-90 ಸ್ಟ್ರೆಚ್ (ನೆಲದಲ್ಲಿ ಕೂತು ಎರಡೂ ಮೊಣಕಾಲು 90 ಡಿಗ್ರಿ ಮಡಚಿ ಸೊಂಟ ಸಡಿಲಿಸುವುದು) ಮಾಡಿದರೆ ಆ ಹೊತ್ತಿಗೆ ಸಡಿಲ, ಮರುದಿನ ಪುನಃ ಹಾಗೆಯೇ. ಎಡ ಪಾದದ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಂತರೆ ಚೂರು ಸಲೀಸಾಗ್ತದೆ.

ಸೊಂಟ ಸರಿಯಾಗುವ ತನಕ ಎಸೆತ ನಿಲ್ಲಿಸಬೇಕಾ, ಇಲ್ಲ ಪಾದ ಹೊರಕ್ಕಿಟ್ಟು 2 ಕೆಜಿ ಬಾಲಿನಲ್ಲಿ ಮುಂದುವರಿಸಬಹುದಾ? ಗೊತ್ತಿದ್ದವರು ಕಾರಣ ಸಮೇತ ಹೇಳಿ ಮಾರಾಯ್ರೆ.