ನಿಯೋಬಿಯಂ ಮೇಲಿನ ಕಾಪು ಪದರಕ್ಕೆ ‘ಕಲಾಯಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬೀದರಿನ ನಮ್ಮ ಪಿಯು ಮಕ್ಕಳಿಗಾಗಿ ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಅದರಲ್ಲಿ ‘ಕ್ಯಾಪಿಂಗ್ ಲೇಯರ್’, ಅಂದರೆ ಒಂದು ಲೋಹದ ಕಾಪಿಗೆ ಅದರ ಮೇಲೆ ಕೂರಿಸುವ ಇನ್ನೊಂದು ಲೋಹದ ತೆಳು ಪದರ, ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ‘ಕಲಾಯಿ’ ಎಂದು ಬರೆಯುವ ಮನಸ್ಸಿದೆ. ತಿಳಿದವರ ಅಭಿಪ್ರಾಯ ಬೇಕು.

ಮೊದಲು ವಿಷಯ ಹೇಳಿಬಿಡುತ್ತೇನೆ. ಕ್ವಾಂಟಮ್ ಕಂಪ್ಯೂಟರಿನ ಎಷ್ಟೋ ಚಿಪ್‌ಗಳಲ್ಲಿ ಸರ್ಕ್ಯೂಟ್ ಇರುವುದು ನಿಯೋಬಿಯಂ ಲೋಹದ ತೆಳು ಪದರದಲ್ಲಿ. ಸುಮಾರು 9 ಕೆಲ್ವಿನ್‌ಗಿಂತ ಕೆಳಗೆ ತಣಿಸಿದರೆ ಅದರಲ್ಲಿ ಕರೆಂಟು ತಡೆಯಿಲ್ಲದೆ ಹರಿಯುತ್ತದೆ. ತೊಂದರೆ ಇರುವುದು ಅದರ ಮೈಮೇಲೆ. ಗಾಳಿ ತಾಗಿದರೆ ಸಾಕು, 5 ನ್ಯಾನೋಮೀಟರ್‌ನಷ್ಟು ಆಕ್ಸೈಡ್ ಕಟ್ಟುತ್ತದೆ. ಅದರೊಳಗಿನ ಸಣ್ಣ ಸಣ್ಣ ದೋಷಗಳು ಕ್ಯೂಬಿಟ್‌ನ (ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಮೂಲ ಘಟಕದ) ಮೈಕ್ರೋವೇವ್ ಶಕ್ತಿಯನ್ನು ಹೀರುತ್ತವೆ. ಹಾಗಾಗಿ ಕ್ಯೂಬಿಟ್ ತನ್ನ ಸ್ಥಿತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಅದಕ್ಕೇ ನಿಯೋಬಿಯಂಗೆ ಗಾಳಿ ಸೋಕುವ ಮೊದಲೇ, ನಿರ್ವಾತದಲ್ಲೇ, ಟ್ಯಾಂಟಲಮ್ ಅಥವಾ ಚಿನ್ನದ ಪದರ ಕೂರಿಸುತ್ತಾರೆ. ಅಮೆರಿಕದ ಭೌತವಿಜ್ಞಾನ ಪ್ರಯೋಗಾಲಯ ಫರ್ಮಿಲ್ಯಾಬ್‌ನ ತಂಡ 2024ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಟ್ಯಾಂಟಲಮ್ ಹೊದ್ದ ಕ್ಯೂಬಿಟ್‌ಗಳು ತಮ್ಮ ಸ್ಥಿತಿಯನ್ನು 300 ಮೈಕ್ರೋಸೆಕೆಂಡ್ ದಾಟಿ ಉಳಿಸಿಕೊಂಡವು. ಕೆಲವು 600ರವರೆಗೂ ಹೋದವು.

ಈಗ ಕಲಾಯಿಗೆ ಬರೋಣ. ತಾಮ್ರದ ಪಾತ್ರೆಯನ್ನು ಕಾಸಿ, ನವಸಾಗರ (ಅಮೋನಿಯಂ ಕ್ಲೋರೈಡ್) ಉದುರಿಸಿ, ತವರ ತಾಗಿಸಿ ಬಟ್ಟೆಯಿಂದ ಒರೆಸುತ್ತಾರೆ. ನವಸಾಗರ ಬಿದ್ದ ಕೂಡಲೇ ಬಿಳಿ ಹೊಗೆ ಏಳುತ್ತದೆ, ತಾಮ್ರದ ಮೇಲಿನ ಆಕ್ಸೈಡ್ ಬಿಟ್ಟುಹೋಗುತ್ತದೆ. ಆಮೇಲಷ್ಟೇ ತವರ ಹಿಡಿಯುವುದು. ಆಕ್ಸೈಡ್ ಇಲ್ಲದ ಲೋಹದ ಮೇಲೆ ಇನ್ನೊಂದು ಲೋಹದ ತೆಳು ಪದರ. ಎರಡೂ ಕಡೆ ಕೆಲಸದ ಜೀವಾಳ ಇದೇ ಅಲ್ವಾ?

ಹೊಂದದ ಕಡೆಯೂ ಇದೆ. ಕಲಾಯಿ ಹಾಕುವುದು ಹುಳಿ, ಮಜ್ಜಿಗೆಗೆ ತಾಮ್ರ ತಾಗಬಾರದೆಂದು. ಅಲ್ಲಿ ಕಾಯುವುದು ಊಟವನ್ನು. ಇಲ್ಲಿ ಕಾಯುವುದು ಒಳಗಿನ ಲೋಹವನ್ನು. ಇನ್ನೊಂದು ಮಾತು: ಟ್ಯಾಂಟಲಮ್ ಮೇಲೂ ಆಕ್ಸೈಡ್ ಕಟ್ಟುತ್ತದೆ. ಆದರೆ ಅದು ನಿಯೋಬಿಯಂ ಆಕ್ಸೈಡ್‌ನಷ್ಟು ಶಕ್ತಿ ಹೀರುವುದಿಲ್ಲ. ಹಾಗಾಗಿ ‘ಆಕ್ಸೈಡ್ ತಡೆ ಪದರ’ ಅಂತ ಬರೆದರೆ ತಪ್ಪು ತಿಳುವಳಿಕೆ ಕೊಟ್ಟಂತೆ. ಮಕ್ಕಳು ಇಲ್ಲೇ ಎಡವುತ್ತಾರೆ ಅನ್ನೋದು ನನ್ನ ಕಾಳಜಿ.

ಬೇರೆ ಪದಗಳನ್ನೂ ನೋಡಿದೆ. ‘ಲೇಪ’ ಎಂದರೆ ಒದ್ದೆಯಾದದ್ದನ್ನು ಬಳಿದಂತೆ ಕೇಳುತ್ತದೆ. ‘ಪೊರೆ’ ಚೆಂದದ ಪದ, ಕಾಪಾಡು ಅನ್ನೋ ಅರ್ಥವೂ ಅದರಲ್ಲಿದೆ. ಆದರೆ ನಿಯೋಬಿಯಂ ಪದರವೇ ಒಂದು ಪೊರೆ, ಅದರ ಮೇಲೆ ಇನ್ನೊಂದು ಪೊರೆ ಅಂದರೆ ಗೊಂದಲ. ‘ಹೊದಿಕೆ’ ಪರವಾಗಿಲ್ಲ, ಆದರೆ ಸಡಿಲ. ಹೊದಿಕೆಯನ್ನು ತೆಗೆದಿಡಬಹುದು, ಕಲಾಯಿ ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಆಕ್ಸೈಡ್‌ಗೆ ‘ಕಿಲುಬು’ ಅನ್ನಲು ಮನಸ್ಸು ಒಪ್ಪಲಿಲ್ಲ. ಅದು ತಾಮ್ರ, ಹಿತ್ತಾಳೆಯ ಹಸಿರು. ಆಕ್ಸೈಡ್ ಎಂದೇ ಇಡುತ್ತೇನೆ.

ನನ್ನ ಒಲವು ‘ಟ್ಯಾಂಟಲಮ್ ಕಲಾಯಿ’ ಕಡೆಗೇ ಇದೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯವರಲ್ಲಿ ಒಂದು ಕೋರಿಕೆ: ತವರವಲ್ಲದ ಲೋಹಕ್ಕೂ ಕಲಾಯಿ ಅನ್ನೋದನ್ನು ಕೇಳಿದ್ದರೆ, ಯಾರು ಯಾವ ಕೆಲಸದಲ್ಲಿ ಹಾಗೆ ಅಂದರು ಅಂತ ಆ ವಾಕ್ಯದ ಸಮೇತ ಬರೆಯಿರಿ.