ಪ್ರವಾದನೆ ಬಂತು ಅಂತ ತೋಟ ಮಾರಬೇಕಾ?

ವಿರಾಜಪೇಟೆ ಬೆಳೆಗಾರ:
ಪ್ರಾರ್ಥನಾ ಕೂಟಕ್ಕೆ ಬಂದ ಪ್ರಸಂಗಿಯೊಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, "ತೋಟ ಮಾರಿ ಸೇವೆಗೆ ಹೊರಡು, ಇದು ಕರ್ತನ ಮಾತು" ಅಂತ ದೇವರ ಹೆಸರಲ್ಲಿ ಪ್ರವಾದನೆ ಹೇಳಿದರು. ರೋಬಸ್ಟಾ ಕೊಯ್ಲು ಅರ್ಧ ಆಗಿದೆ, ಕಣದ ತುಂಬಾ ಕಾಫಿ. ಆಳುಗಳ ಕೂಲಿ ಬಾಕಿ. ಹೆಂಡತಿ ಒಪ್ಪುತ್ತಿಲ್ಲ. ಕೇಳದಿದ್ದರೆ ಅವಿಧೇಯತೆ ಆಗುತ್ತದಾ?

ಮಡಿಕೇರಿ ಅಕ್ಕ:
ಇಲ್ಲ ತಮ್ಮಾ. ಬೈಬಲಿನ 1 ಥೆಸಲೋನಿಕ 5:20-21 ಓದು. ಪ್ರವಾದನೆಯನ್ನು ಹೀನೈಸಬೇಡಿ ಅಂದ ಪೌಲನೇ ಎಲ್ಲವನ್ನೂ ಪರೀಕ್ಷಿಸಿ ಅಂತಲೂ ಬರೆದಿದ್ದಾನೆ. ಬೆರೋಯ ಊರಿನವರು ಅವನ ಮಾತನ್ನೇ ದಿನಾ ಶಾಸ್ತ್ರದಲ್ಲಿ ಹುಡುಕಿ ನೋಡಿದರು. ಬೈಸಿಕೊಳ್ಳಲಿಲ್ಲ, ಹೊಗಳಿಸಿಕೊಂಡರು. ಅಂದಹಾಗೆ, ಯಾರಿಗೆ ಮಾರಬೇಕು ಅಂತಲೂ ಹೇಳಿದರಾ?

ಸೋಮವಾರಪೇಟೆ:
ಪರೀಕ್ಷೆ ಮಾಡಿ, ಆದರೆ ಸ್ಪಷ್ಟ ಆಜ್ಞೆಗೂ ಪರೀಕ್ಷೆ ಅಂತ ಕೂರಬೇಡಿ. ಯಾಕೋಬ 5:4 ನೋಡಿ, ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಅಂತಿದೆ. ಕೂಲಿ ಇವತ್ತೇ ಕೊಡಿ.

ವಿರಾಜಪೇಟೆ ಬೆಳೆಗಾರ:
ಕೊಡ್ತೀನಿ. ಅಕ್ಕಾ, ಹೇಳಿದರು. ಅವರ ಭಾವಮೈದುನನಿಗಂತೆ!