ಅಪ್‌ಡೇಟ್: 38 ಎಲ್ಲಿಂದ ಬಂತು ಅಂತ ಸಿಕ್ಕಿತು

ಹೋದ ವಾರ ಕೇಳಿದ್ದೆ: 2ಎಕ್ಸ್² − ಎಕ್ಸ್ + 5ರಲ್ಲಿ ಎಕ್ಸ್ = −3 ಹಾಕಿದರೆ ನನ್ನ ಮಗಳಿಗೆ 38 ಬರುತ್ತದೆ, ಪುಸ್ತಕದಲ್ಲಿ 26 ಇದೆ, ಯಾವುದು ಸರಿ ಅಂತ. ಪುಸ್ತಕವೇ ಸರಿ.

ತಪ್ಪು ಒಂದಲ್ಲ, ಎರಡು. 2ರಿಂದ ಮೊದಲೇ ಗುಣಿಸಿ, ಆಮೇಲೆ (−6)² ಅಂತ 36 ಮಾಡಿದ್ದಳು. ವರ್ಗ ಇರುವುದು ಎಕ್ಸ್‌ಗೆ ಮಾತ್ರ, 2ಕ್ಕಲ್ಲ. ಹಾಗಾಗಿ 2 × 9 = 18. ಇನ್ನೊಂದು, −(−3) ಅನ್ನು ಸುಮ್ನೆ −3 ಅಂತ ಬರೆದಿದ್ದಳು. ಅದು +3 ಅಲ್ವಾ! 18 + 3 + 5 = 26.

ನೀವು ಹೇಳಿದ ಹಾಗೆ ಎಕ್ಸ್ ಇದ್ದ ಕಡೆಯೆಲ್ಲ ಮೊದಲು ಖಾಲಿ ಬ್ರಾಕೆಟ್ ಬರೆಸಿ, ಆಮೇಲೆ −3 ತುಂಬಿಸಿದೆ. ಜಾಸ್ತಿ ಬರೆಯಬೇಕು ಅಂತ ಗೊಣಗಿದಳು. ಆದರೂ ನಾಲ್ಕು ಲೆಕ್ಕ ಸರಿಯಾದವು. ಐದನೆಯದರಲ್ಲಿ ಮಾತ್ರ −ಎಕ್ಸ್²ಗೆ 9 ಅಂದಳು. −9 ಯಾಕೆ ಅನ್ನುವ ಜಗಳ ನಾಳೆಗೆ.